ಅಮೆರಿಕದ ವಕೀಲನ ಏಳನೆಯ ಅಧ್ಯಾಯ

ಆ ಅಮೆರಿಕನ್ ವಕೀಲನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವನು ಸತ್ತು ನೂರು ವರ್ಷದ ಮೇಲಾಯಿತು, ಅವನಿಗೇನೂ ನಷ್ಟವಿಲ್ಲ. ಆದರೆ ಅವನ ಜೀವನಚರಿತ್ರೆ ಕನ್ನಡದಲ್ಲಿ ಇರುವುದು ಒಂದೇ ಒಂದು. ಅದನ್ನು ಅಚ್ಚು ಹಾಕಿಸಿದವರು ಕೊಪ್ಪದ ಒಬ್ಬ ವಕೀಲರು. ಅವನ ಹೆಸರು ಹೇಳಿದರೆ ಇವರ ಹೆಸರೂ ಹೇಳಿದ ಹಾಗೆಯೇ. ಪುಸ್ತಕದ ಎರಡನೆಯ ಪುಟದಲ್ಲಿ ನನ್ನ ಹೆಸರೂ ಇದೆ. ಓದಿದವರು ಈಗಲೂ ಕೆಲವೊಮ್ಮೆ ಎದುರಾಗಿ "ಚೆನ್ನಾಗಿ ಬರೆದಿದ್ದೀರಿ" ಎನ್ನುತ್ತಾರೆ. ಅವರಿಗೆ ನಿಂತಲ್ಲೇ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊಸ ಶತಮಾನದ ಮೊದಲ ವರ್ಷಗಳವು. ನಾನು ನರಸಿಂಹರಾಜಪುರದಿಂದ ದಿನವೂ ಬಸ್ಸಿನಲ್ಲಿ ಕೊಪ್ಪಕ್ಕೆ ಹೋಗಿ ಖಾಸಗಿ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಕೆಲಸ ಖಾಯಂ ಅಲ್ಲ. ಪ್ರತಿ ಜೂನ್‌ನಲ್ಲಿ ಆಡಳಿತ ಮಂಡಳಿ ಮತ್ತೆ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ವಕೀಲರು ಆ ಮಂಡಳಿಯಲ್ಲಿದ್ದರು. ಒಂದು ಮಧ್ಯಾಹ್ನ ಪ್ರಾಂಶುಪಾಲರು ಕರೆದು, "ವಕೀಲರು ನಿಮ್ಮನ್ನ ಕೇಳ್ತಿದ್ರು, ಸಂಜೆ ಆಫೀಸಿಗೆ ಹೋಗಿ ಬನ್ನಿ" ಎಂದರು.

ಅಡಿಕೆ ಮಂಡಿಯೊಂದರ ಮೇಲಂತಸ್ತಿನಲ್ಲಿ ಅವರ ಆಫೀಸು. ಮೆಟ್ಟಿಲು ಹತ್ತುವಾಗಲೇ ಅಡಿಕೆ ಬೇಯಿಸಿದ ಚೊಗರಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಹೊರಗಿನ ಬೆಂಚಿನಲ್ಲಿ ಕಕ್ಷಿದಾರರು ಕಾದಿದ್ದರು. ವಕೀಲರು ನನ್ನನ್ನು ನೇರವಾಗಿ ಒಳಗೆ ಕರೆದು, ಬೈಂಡು ಬಿಚ್ಚಿಹೋದ ದಪ್ಪ ಇಂಗ್ಲಿಷ್ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟರು.

"ಲಾ ಕಾಲೇಜಿನಲ್ಲಿದ್ದಾಗ ಫುಟ್‌ಪಾತಲ್ಲಿ ತಗೊಂಡಿದ್ದು ಮೇಡಮ್. ನಾನು ವಕೀಲ ಆಗಿದ್ದೇ ಇವನಿಂದ ಮಾರಾಯ್ರೆ. ನಮ್ಮ ಕಡೆಯವರು ಇವನನ್ನ ಓದ್ಬೇಕು. ಕನ್ನಡಕ್ಕೆ ತನ್ನಿ. ಇಷ್ಟು ದಪ್ಪ ಬೇಡ, ಇನ್ನೂರು ಪುಟ ಸಾಕು. ಆದ್ರೆ ಹಿಡಿದವರು ಕೆಳಗಿಡಬಾರದು."

ಜಿಲ್ಲಾ ಪಂಚಾಯಿತಿ ಚುನಾವಣೆ ಹತ್ತಿರವಿತ್ತು. ಅವರು ನಿಲ್ಲುತ್ತಾರೆಂದು ಊರೆಲ್ಲ ಮಾತಾಡುತ್ತಿತ್ತು. ಪುಸ್ತಕ ಆ ಹೊತ್ತಿಗೆ ಬರಬೇಕೆಂಬುದು ನನಗೆ ಅರ್ಥವಾಗದ ವಿಷಯವಲ್ಲ. ಆದರೂ ಅವರ ಅಭಿಮಾನ ನಾಟಕವಾಗಿರಲಿಲ್ಲ. ಆ ಪುಸ್ತಕದ ಕೆಲವು ಪುಟಗಳನ್ನು ಅವರು ಕಣ್ಣುಮುಚ್ಚಿ ಹೇಳುತ್ತಿದ್ದರು. ನಾನು ಒಪ್ಪಿಕೊಂಡೆ.

ಅಮೆರಿಕದ ವಕೀಲ ಚರ್ಮ ಹದಮಾಡುವವನ ಮಗ. ಶಾಲೆಗೆ ಹೋದದ್ದು ಕಡಿಮೆ. ಹದಿಹರೆಯದಲ್ಲಿ ಮನೆಬಿಟ್ಟು ದೋಣಿಯಲ್ಲಿ ನದಿ ದಾಟಿ, ಹೊಸದಾಗಿ ಜನ ನೆಲೆಸುತ್ತಿದ್ದ ಸೀಮೆಗೆ ಬಂದ. ಅಲ್ಲಿ ವಕೀಲನೊಬ್ಬನ ಕೋಣೆಯಲ್ಲಿ ಕ್ರಯಪತ್ರ ನಕಲು ಮಾಡುತ್ತಲೇ ಕಾನೂನು ಕಲಿತ. ಕುದುರೆಯ ಮೇಲೆ ಊರೂರು ಅಲೆದು ವಾದಿಸಿದ. ಜನ ಅವನ ಮಾತು ಕೇಳಲು ಗಾಡಿ ಕಟ್ಟಿಕೊಂಡು ಬರುವಂತಾಯಿತು. ಇದಿಷ್ಟು ಮೊದಲ ಆರು ಅಧ್ಯಾಯ.

ನನ್ನ ಕ್ರಮ ಹೀಗಿತ್ತು. ಇಂಗ್ಲಿಷ್ ಅಧ್ಯಾಯವನ್ನು ಎರಡು ಸಲ ಓದಿ ಮುಚ್ಚಿಟ್ಟು, ನೆನಪಿನಿಂದ ಕನ್ನಡದಲ್ಲಿ ಕಥೆ ಹೇಳಿದಂತೆ ಬರೆಯುವುದು. ಆಮೇಲೆ ಮೂಲದ ಜೊತೆ ಹೋಲಿಸಿ, ಬಿಟ್ಟುಹೋದದ್ದನ್ನು ಸೇರಿಸಿ, ಹೆಚ್ಚಾದದ್ದನ್ನು ಹೊಡೆದುಹಾಕುವುದು. ಶನಿವಾರ ಕಾಲೇಜು ಮುಗಿಸಿ ವಕೀಲರ ಆಫೀಸಿಗೆ ಹೋಗಿ ಬರೆದದ್ದನ್ನು ಗಟ್ಟಿಯಾಗಿ ಓದುವುದು. ಕಾನೂನಿನ ವಿಷಯದಲ್ಲಿ ನಾನು ಎಡವಿದ ಕಡೆಯಲ್ಲೆಲ್ಲ ಅವರು ತಡೆಯುತ್ತಿದ್ದರು.

"ಸರ್ಕಿಟ್ ಅನ್ನೋದಕ್ಕೆ ಎಂತ ಬರ್ದಿದ್ದೀರಿ?"

"ಸಂಚಾರಿ ನ್ಯಾಯಾಲಯ ಅಂತ ಸಾರ್."

"ಹಂಗೆ ಬರೆದ್ರೆ ವ್ಯಾನಲ್ಲಿ ಬರೋ ಕೋರ್ಟು ಅಂದ್ಕೋತಾರೆ. ಜಡ್ಜು ಕುದುರೆ ಹತ್ತಿ ಊರಿಂದ ಊರಿಗೆ ಹೋಗ್ತಿದ್ದ, ಹಿಂದೆ ವಕೀಲರ ದಂಡು. ನಾನು ಇವತ್ತು ಕೊಪ್ಪ, ನಾಳೆ ಎನ್.ಆರ್. ಪುರ, ನಾಡಿದ್ದು ಶೃಂಗೇರಿ ಅಂತ ಬಸ್ಸಲ್ಲಿ ತಿರುಗಲ್ವ? ಊರೂರು ತಿರುಗುವ ಕೋರ್ಟು ಅಂತಲೇ ಬರೀರಿ."

ಜ್ಯೂರಿ ಎಂಬುದಕ್ಕೆ ನಾನು 'ಪಂಚರು' ಎಂದು ಬರೆದಿದ್ದೆ. ಅವರು ನಕ್ಕರು. ನಮ್ಮಲ್ಲಿ ಪಂಚರೆಂದರೆ ಪೊಲೀಸರು ಮಹಜರಿಗೆ ಸಹಿ ಹಾಕಿಸುವವರು, ಅವರಿಗೂ ತೀರ್ಪಿಗೂ ಸಂಬಂಧವಿಲ್ಲ ಎಂದರು. ಕೊನೆಗೆ ಪದವೇ ಬೇಡವೆಂದು 'ತಪ್ಪಿತಸ್ಥನೋ ಅಲ್ಲವೋ ಎಂದು ಹೇಳಲು ಕೂರಿಸಿದ ಊರಿನ ಜನ' ಎಂದು ಬಿಡಿಸಿ ಬರೆದೆವು. ಆ ಶನಿವಾರಗಳಲ್ಲಿ ನನಗೆ ಖುಷಿಯಿತ್ತು. ಅದನ್ನು ಮುಚ್ಚಿಡುವುದಿಲ್ಲ. ಕಾಲೇಜಿನಲ್ಲಿ ಯಾರೂ ನನ್ನ ಒಂದು ವಾಕ್ಯಕ್ಕೆ ಅಷ್ಟು ಕಿವಿಗೊಟ್ಟವರಲ್ಲ. ಪಾಟೀ ಸವಾಲಿನ ಭಾಗಗಳನ್ನಂತೂ ನಾನು ರುಚಿಯಿಂದ ಬರೆದೆ. ಸಾಕ್ಷಿಯನ್ನು 'ಹೌದು' ಅಥವಾ 'ಅಲ್ಲ' ಎಂಬ ಎರಡೇ ಮಾತಿಗೆ ಕಟ್ಟಿಹಾಕುವುದರಲ್ಲಿ ಅಮೆರಿಕದ ವಕೀಲ ಎತ್ತಿದ ಕೈ. ಕೇಳುತ್ತಾ ಕೇಳುತ್ತಾ ಇವರು ಮೇಜು ಕುಟ್ಟುತ್ತಿದ್ದರು. "ಒಂದು ದಿನ ಕೋರ್ಟಿಗೆ ಬಂದು ಕೂತು ನೋಡಿ ಮೇಡಮ್, ಇನ್ನೂ ಚೆನ್ನಾಗಿ ಬರೀತೀರಿ" ಎನ್ನುತ್ತಿದ್ದರು.

ಬಾಗಿಲು ಯಾವಾಗಲೂ ತೆರೆದಿರುತ್ತಿದ್ದುದರಿಂದ ಹೊರಗಿನ ಬೆಂಚಿನವರಿಗೂ ನನ್ನ ಓದು ಕೇಳಿಸುತ್ತಿತ್ತು. ಅವರಲ್ಲಿ ಒಬ್ಬ ಹೆಂಗಸು ಬಹಳ ಶನಿವಾರ ಬರುತ್ತಿದ್ದಳು. ಸೀತೂರಿನ ಕಡೆಯವಳು, ಐವತ್ತು ದಾಟಿದವಳು, ತೋಟಗಳಲ್ಲಿ ಕೂಲಿ ಮಾಡುವವಳು. ಅವಳ ಮನೆಯೂ ಇನ್ನು ಕೆಲವು ಕೂಲಿಯವರ ಮನೆಗಳೂ ಒಂದು ತೋಟದ ಅಂಚಿನಲ್ಲಿದ್ದವು. ತೋಟದ ಹಳೆಯ ಯಜಮಾನರು ಅವಳ ಅತ್ತೆಯ ಕಾಲದಲ್ಲಿ, "ಇಲ್ಲೇ ಕಟ್ಟಿಕೊಂಡು ಇರಿ, ಯಾರೂ ಎಬ್ಬಿಸೋದಿಲ್ಲ" ಎಂದಿದ್ದರಂತೆ. ಅವರು ತೀರಿಕೊಂಡ ಮೇಲೆ ಮಗ ಜಾಗ ಬಿಡಿ ಎಂದ. ಈ ಮನೆಗಳವರೆಲ್ಲ ಸೇರಿ ನರಸಿಂಹರಾಜಪುರದ ಕೋರ್ಟಿನಲ್ಲಿ ದಾವೆ ಹಾಕಿದ್ದರು. ವಕೀಲರೇ ಅವರ ಪರ. ದಾವೆ ಮುಗಿಯುವವರೆಗೆ ಯಾರೂ ಮನೆ ಮುಟ್ಟಬಾರದೆಂದು ತಡೆಯಾಜ್ಞೆಯನ್ನೂ ತಂದಿದ್ದರು. ಕಾಗದಪತ್ರ ಎಂಬುದು ಏನೂ ಇರಲಿಲ್ಲ. ಯಜಮಾನರ ಮಾತನ್ನು ಕಿವಿಯಾರೆ ಕೇಳಿ ಈಗ ಬದುಕಿರುವವಳು ಈ ಹೆಂಗಸೊಬ್ಬಳೇ. ಅವಳು ಕಟಕಟೆ ಹತ್ತಿ ಹೇಳಬೇಕು, ಎದುರು ವಕೀಲರ ಪಾಟೀ ಸವಾಲಿಗೆ ನಿಲ್ಲಬೇಕು. ಇಡೀ ದಾವೆ ನಿಂತಿದ್ದು ಅದೊಂದರ ಮೇಲೆ.

ಏಳನೆಯ ಅಧ್ಯಾಯ ಓದಿದ ದಿನವೂ ಅವಳು ಬೆಂಚಿನಲ್ಲಿದ್ದಳು.

ಆ ಅಧ್ಯಾಯದ ಕಥೆ ಇದು. ಗಿರಣಿ ಮಾಲೀಕನ ಕುದುರೆ ಕದ್ದನೆಂದು ಒಬ್ಬ ಕೂಲಿಯವನ ಮೇಲೆ ಆರೋಪ ಬಂತು. ಆ ಹೊತ್ತಿನಲ್ಲಿ ಅವನು ಬೇರೆಡೆ ಇದ್ದುದನ್ನು ನೋಡಿದವಳು ಬಟ್ಟೆ ಒಗೆಯುವ ಒಬ್ಬ ಕಪ್ಪು ಹೆಂಗಸು. ಅವಳು ಗುಲಾಮಳಲ್ಲ, ಸ್ವತಂತ್ರಳು. ಆದರೆ ಬಿಳಿಯರು ಒಂದು ಕಡೆಯಲ್ಲಿರುವ ಕೇಸಿನಲ್ಲಿ ಕಪ್ಪು ಜನ ಸಾಕ್ಷಿ ಹೇಳುವಂತಿಲ್ಲವೆಂದು ಆ ರಾಜ್ಯದಲ್ಲಿ ಕಾನೂನಿತ್ತು. ಕಟಕಟೆಯ ಹತ್ತಿರ ಬಂದವಳನ್ನು ಜಡ್ಜು ವಾಪಸು ಕಳಿಸಿದ. ಕೂಲಿಯವನು ಜೈಲಿಗೆ ಹೋಗಿ ಅಲ್ಲೇ ಸತ್ತ. ಅಮೆರಿಕದ ವಕೀಲ ಕೋರ್ಟಿನ ಮೆಟ್ಟಿಲ ಮೇಲೆ ನಿಂತು, ಈ ಕಾನೂನನ್ನು ಕಿತ್ತುಹಾಕಿಸದೆ ಬಿಡೆನೆಂದು ಸಾರಿದ. ಅದೇ ಮಾತಿನ ಮೇಲೆ ಚುನಾವಣೆಗೆ ನಿಂತು ಶಾಸನಸಭೆಗೆ ಗೆದ್ದು ಬಂದ. ಕಾನೂನು ರದ್ದು ಮಾಡುವ ಮಸೂದೆ ಬಂದಾಗ ಅದರ ವಿರುದ್ಧ ಮತ ಹಾಕಿದ. ಗಿರಣಿ ಮಾಲೀಕರ ಬೆಂಬಲವಿಲ್ಲದೆ ಮೇಲೆ ಹೋಗುವ ಹಾಗಿರಲಿಲ್ಲ. "ಮೊದಲು ಕುರ್ಚಿ ಗಟ್ಟಿಯಾಗಲಿ, ಆಮೇಲೆ ಇಂಥವರಿಗೆಲ್ಲ ನ್ಯಾಯ ಕೊಡಿಸುತ್ತೇನೆ" ಎಂದು ಗೆಳೆಯನೊಬ್ಬನಿಗೆ ಹೇಳಿದ. ಕುರ್ಚಿ ಗಟ್ಟಿಯಾಯಿತು. ಅವನು ರಾಜ್ಯಪಾಲನೂ ಆದ. ಆ ಕಾನೂನು ಹೋದದ್ದು ಅಂತರ್ಯುದ್ಧ ಮುಗಿಯುವ ಹೊತ್ತಿಗೆ, ಬೇರೆ ಯಾರದೋ ಕೈಯಲ್ಲಿ.

ಓದಿ ಮುಗಿಸಿದಾಗ ವಕೀಲರು ಮೇಜು ಕುಟ್ಟಲಿಲ್ಲ. ಬೆಂಚಿನಿಂದ ಆ ಹೆಂಗಸು ಕೇಳಿದಳು.

"ಆ ಬಟ್ಟೆ ಒಗೆಯೋಳು ಆಮೇಲೆ ಎಂತ ಮಾಡಿದ್ಲಂತೆ ಟೀಚರೇ?"

"ಪುಸ್ತಕದಲ್ಲಿ ಅದು ಇಲ್ಲಮ್ಮ."

"ನೀ ಸುಮ್ನೆ ಕೂತ್ಕೊಳೇ" ಎಂದು ವಕೀಲರು ಅವಳಿಗೆ ಹೇಳಿ, ನನ್ನತ್ತ ತಿರುಗಿದರು. "ಮೇಡಮ್, ಈ ಅಧ್ಯಾಯ ಬೇಡ."

"ಯಾಕೆ ಸಾರ್?"

"ದೊಡ್ಡ ಮನುಷ್ಯ ಅವನು. ಇದೊಂದನ್ನ ಹಿಡಿದು ಅವನ ಮುಖಕ್ಕೆ ಮಸಿ ಯಾಕೆ? ಓದೋರು ನಮ್ಮೂರಿನ ಹುಡುಗರು."

"ಇದನ್ನ ಬಿಟ್ಟರೆ ಅವನು ಶಾಸನಸಭೆಗೆ ಹೋದದ್ದು ಯಾಕೆ ಅಂತಲೇ ಗೊತ್ತಾಗಲ್ಲ ಸಾರ್. ಮೂಲದಲ್ಲಿ ಇದೇ ಎಲ್ಲಕ್ಕಿಂತ ಉದ್ದದ ಅಧ್ಯಾಯ."

"ನೋಡೋಣ ಬಿಡಿ" ಎಂದರು. ಜಗಳವೇನೂ ಆಗಲಿಲ್ಲ. ಮುಂದಿನ ಅಧ್ಯಾಯಗಳನ್ನು ನಾನು ಬರೆಯುತ್ತಾ ಹೋದೆ, ಡಿಟಿಪಿ ಅಂಗಡಿಯವರು ಟೈಪು ಮಾಡುತ್ತಾ ಹೋದರು. ಏಳನೆಯದು ಮಾತ್ರ ನನ್ನ ಚೀಲದಲ್ಲೇ ಉಳಿಯಿತು. ಶನಿವಾರ ಬಂದಾಗಲೆಲ್ಲ ಅದರ ಮಾತು ಎತ್ತುತ್ತಿದ್ದೆ, ಅವರು ಬೇರೆ ಮಾತು ತೆಗೆಯುತ್ತಿದ್ದರು.

ಅಂಥದೇ ಒಂದು ಶನಿವಾರ ನಾನು ಒಳಗೆ ಕೂತಿದ್ದಾಗ ಅವರು ಆ ಹೆಂಗಸನ್ನು ಬಾಗಿಲಿಗೆ ಕರೆದರು.

"ಬುಧವಾರ ನೀನು ಬರೋದು ಬೇಡ. ವಾಯಿದೆ ಮುಂದಕ್ಕೆ ಹೋಗುತ್ತೆ. ಬೇರೆಯವರಿಗೂ ಹೇಳು. ಮುಂದಿನ ದಿನ ಯಾವುದು ಅಂತ ನಾನೇ ಹೇಳಿ ಕಳಿಸ್ತೀನಿ."

"ಸರಿ ಒಡೇರೆ. ಕೂಲಿ ತಪ್ಪೋದು ಉಳೀತು" ಎಂದು ಅವಳು ಹೊರಟಳು. ನಾನು ಕಾಗದ ತಿರುವುತ್ತಿದ್ದೆ. ಆ ಮಾತಿನಲ್ಲಿ ಗಮನಿಸುವಂಥದ್ದು ಏನೂ ಇದೆಯೆಂದು ನನಗೆ ಅನ್ನಿಸಲಿಲ್ಲ.

ಆ ಬುಧವಾರ ಕಾಲೇಜಿಗೆ ರಜೆಯಿತ್ತು. ಕೋರ್ಟು ನೋಡಲು ವಕೀಲರು ಹೇಳುತ್ತಲೇ ಇದ್ದರಲ್ಲ, ಮನೆಯಿಂದ ನಡೆದು ಹೋಗುವ ದೂರ, ಹೋದೆ. ಯಾರದ್ದಾದರೂ ಪಾಟೀ ಸವಾಲು ನೋಡಿ ಬರೋಣವೆಂದು ಹಿಂದಿನ ಬೆಂಚಿನ ಮೂಲೆಯಲ್ಲಿ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಬೆಂಚ್ ಕ್ಲರ್ಕು ಒಂದು ದಾವೆಯ ನಂಬರು ಕೂಗಿದ. ಜವಾನ ಹೊರಗೆ ಹೋಗಿ ಹೆಸರು ಕೂಗಿದ. ಅದು ಆ ಹೆಂಗಸಿನ ಹೆಸರು.

ವಕೀಲರು ಎದ್ದು ನಿಂತರು.

"ಕಕ್ಷಿದಾರರು ಬಂದಿಲ್ಲ ಸ್ವಾಮಿ. ಅವರಿಂದ ನನಗೆ ಯಾವ ಸೂಚನೆಯೂ ಇಲ್ಲ."

ನ್ಯಾಯಾಧೀಶರು ಇನ್ನೊಮ್ಮೆ ಕೂಗಿಸಿದರು. ಜವಾನ ವರಾಂಡದಲ್ಲಿ ನಿಂತು ಅವಳ ಹೆಸರನ್ನು ಉದ್ದಕ್ಕೆ ಎಳೆದು ಕೂಗಿದ. ಸೀತೂರಿನ ಕಡೆಯ ಯಾವುದೋ ತೋಟದಲ್ಲಿ ಅವಳು ಆಗ ಗೊಬ್ಬರ ಹೊರುತ್ತಿದ್ದಿರಬೇಕು. "ವಾದಿಗಳು ಗೈರುಹಾಜರು. ದಾವೆ ವಜಾ" ಎಂದು ನ್ಯಾಯಾಧೀಶರು ಬರೆಸಿದರು. ಅವರಿಗೆ ಬೇರೇನೂ ಗೊತ್ತಾಗುವಂತಿರಲಿಲ್ಲ. ತೋಟದವರ ವಕೀಲರು ಕಡತ ಕಟ್ಟಿಕೊಂಡರು. ನಮ್ಮ ವಕೀಲರು ತಿರುಗಿದಾಗ ಹಿಂದಿನ ಬೆಂಚಿನಲ್ಲಿ ನನ್ನನ್ನು ಕಂಡರು. ಒಂದು ಕ್ಷಣ ನಿಂತು, ಮುಂದಿನ ಕೇಸಿನ ಕಾಗದ ಹುಡುಕತೊಡಗಿದರು.

ಮರುದಿನ ಸಂಜೆ ಅವರ ಆಫೀಸಿಗೆ ಹೋದೆ. ಅವರು ಗುಮಾಸ್ತನನ್ನು ಕಾಫಿಗೆ ಕಳಿಸಿ ಬಾಗಿಲು ಹಾಕಿದರು.

"ಬರಬೇಡ ಅಂತ ನೀವೇ ಅವಳಿಗೆ ಹೇಳಿದ್ದು ಸಾರ್. ನಾನಿಲ್ಲೇ ಕೂತಿದ್ದೆ."

"ಅದು ಗೆಲ್ಲೋ ಕೇಸಲ್ಲ ಮೇಡಮ್. ಬಾಯಿಮಾತಿನ ಮೇಲೆ ಯಾವ ಕೋರ್ಟು ಜಾಗ ಕೊಡುತ್ತೆ?"

"ಗೆಲ್ಲದ ಕೇಸಾದ್ರೆ ಅವಳು ಹೇಳೋದನ್ನ ಹೇಳಿ ಸೋಲಲಿ. ಕಟಕಟೆ ಹತ್ತೋದನ್ನೇ ಯಾಕೆ ತಪ್ಪಿಸಿದ್ರಿ?"

ಅವರು ಗದರಿಸಲಿಲ್ಲ, ಶನಿವಾರಗಳ ಅದೇ ದನಿಯಲ್ಲಿ ಮಾತಾಡಿದರು.

"ಆ ತೋಟದವರ ಮಾತು ಆ ಕಡೆಯ ಊರುಗಳಲ್ಲಿ ನಡೆಯುತ್ತೆ ಮಾರಾಯ್ರೆ. ಅವರನ್ನ ಎದುರು ಹಾಕ್ಕೊಂಡು ನಾನು ಗೆಲ್ಲೋ ಹಾಗಿಲ್ಲ. ಗೆದ್ರೆ ಇಂಥ ಎಷ್ಟೋ ಮನೆಗೆ ಹಕ್ಕುಪತ್ರ ಕೊಡಿಸಬಹುದು. ಸೋತು ಮನೇಲಿ ಕೂತ್ರೆ ಯಾರಿಗೆ ಎಂತ ಕೊಡೋದು? ಇದೊಂದನ್ನೇ ಹಿಡ್ಕೊಂಡು ಕೂರಬಾರದು."

"ಈ ಮಾತನ್ನ ನಾನು ಏಳನೇ ಅಧ್ಯಾಯದಲ್ಲಿ ಬರ್ದಿದ್ದೀನಿ ಸಾರ್."

"ಅದಕ್ಕೇ ಅದನ್ನ ತೆಗೀರಿ ಅಂದಿದ್ದು."

ಹೇಳಿದ ಮೇಲೆ ಅವರ ಮುಖ ಕೆಂಪಾಯಿತು. ಎದ್ದು ಬಾಗಿಲು ತೆಗೆದರು. "ಜೂನ್ ಹತ್ತಿರ ಬಂತು. ನೀವು ಬುದ್ಧಿವಂತರು, ಯೋಚನೆ ಮಾಡಿ" ಎಂದರು.

ಭಾನುವಾರ ಸೀತೂರಿನ ಬಸ್ಸು ಹಿಡಿದು ಹೋದೆ. ಆ ಹೆಂಗಸು ಅಂಗಳದಲ್ಲಿ ಸೌದೆ ಒಟ್ಟುತ್ತಿದ್ದಳು. ತಾನು ಹಾಕಿಸಿದ ದಾವೆ ಬಿದ್ದುಹೋದ ಸುದ್ದಿ ಅವಳಿಗೆ ಮುಟ್ಟಿರಲೇ ಇಲ್ಲ. ನಾನು ಹೇಳಿದ್ದನ್ನು ಅವಳು ಮೊದಲು ನಂಬಲಿಲ್ಲ.

"ಒಡೇರೇ ಹೇಳಿದ್ರಲ್ಲ ಬರಬೇಡ ಅಂತ. ನೀವೂ ಇದ್ರಿ."

"ನಾನೂ ಇದ್ದೆ. ಅದಕ್ಕೇ ಬಂದೆ."

ಅವಳು ಬೈಯಲಿಲ್ಲ, ಅಳಲಿಲ್ಲ. ಸೌದೆಯ ರಾಶಿಯ ಮೇಲೆ ಕೂತು, "ಅವರಿಗೆ ನಾನೆಂತ ಮಾಡಿದ್ದೆ?" ಎಂದು ಎರಡು ಮೂರು ಸಲ ಕೇಳಿದಳು.

ಬಿದ್ದ ದಾವೆಯನ್ನು ಮತ್ತೆ ಎತ್ತಿಸಲು ತಿಂಗಳೊಳಗೆ ಅರ್ಜಿ ಹಾಕಬೇಕು, ಗೈರಾದದ್ದಕ್ಕೆ ಸರಿಯಾದ ಕಾರಣ ಕೊಡಬೇಕು. ಅಷ್ಟನ್ನು ನಾನು ಆ ಹೊತ್ತಿಗೆ ಕಲಿತಿದ್ದೆ. ಆದರೆ ಅರ್ಜಿ ಹಾಕುವ ವಕೀಲರು ಬೇಕಲ್ಲ. ನರಸಿಂಹರಾಜಪುರದಲ್ಲೂ ಕೊಪ್ಪದಲ್ಲೂ ಕೇಳಿದೆ. ಒಬ್ಬರು "ಹಿರಿಯರ ಮೇಲೆ ನಾವು ಹೇಗೆ ಬರೆಯೋದು?" ಎಂದರು. ಇನ್ನೊಬ್ಬರು ಕೇಳಿಸಿಕೊಂಡು, ಚುನಾವಣೆ ಮುಗಿಯಲಿ ಎಂದರು. ಕೊನೆಗೆ ಶೃಂಗೇರಿಯಲ್ಲಿ, ಯಾತ್ರಿಕರ ವಸತಿಗೃಹಗಳ ಹಿಂದಿನ ಓಣಿಯಲ್ಲಿದ್ದ ಒಬ್ಬ ಹಿರಿಯ ವಕೀಲರ ಬಳಿಗೆ ಅವಳನ್ನು ಕರೆದುಕೊಂಡು ಹೋದೆ. ಅವರು ವೃತ್ತಿ ಬಹುಮಟ್ಟಿಗೆ ಬಿಟ್ಟಿದ್ದರು. ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿದರು.

"ಹುಷಾರಿರಲಿಲ್ಲ ಅಂತ ಬರೆಯೋದು ಸುಲಭ. ಎಲ್ಲರೂ ಹಾಗೇ ಬರೆಯೋದು. ಆದರೆ ಇವಳು ಆ ದಿನ ಕೂಲಿಗೆ ಹೋಗಿದ್ದಾಳೆ, ಊರೆಲ್ಲ ನೋಡಿದೆ. ಒಂದೇ ಸವಾಲಿಗೆ ಸುಳ್ಳು ಬಯಲಾಗುತ್ತೆ, ಆಮೇಲೆ ಇವಳ ನಿಜವನ್ನೂ ಯಾರೂ ನಂಬೋದಿಲ್ಲ. ನಡೆದದ್ದನ್ನೇ ಬರೀಬೇಕು. ಬರೆದ್ರೆ ಅದಕ್ಕೊಂದು ಸಾಕ್ಷಿ ಬೇಕು."

"ಸಾಕ್ಷಿ ಅಂದ್ರೆ?"

"ನೀವೇ ಮೇಡಮ್. ಬೇರೆ ಯಾರಿದ್ದಾರೆ?"

ಇಂದೇ ಹೇಳಬೇಕಿಲ್ಲ, ಯೋಚಿಸಿ ಬನ್ನಿ ಎಂದರು. ವಾಪಸು ಬರುವ ಬಸ್ಸಿನಲ್ಲಿ ಅವಳು ಪಕ್ಕದಲ್ಲೇ ಕೂತಿದ್ದಳು. ಕಿಟಕಿಯ ಕಂಬಿ ಹಿಡಿದು ಹೊರಗೆ ನೋಡುತ್ತಿದ್ದಳು. ನನ್ನ ಮನೆ ನಡೆಯುತ್ತಿದ್ದುದು ಕಾಲೇಜಿನ ಸಂಬಳದಲ್ಲಿ, ಕಾಯಿಲೆಯ ಅಮ್ಮ ಇದ್ದರು. ಸಾಕ್ಷಿಯಾಗಿ ಪ್ರಮಾಣಪತ್ರಕ್ಕೆ ಸಹಿ ಹಾಕಿದರೆ ಜೂನ್‌ನಲ್ಲಿ ಏನಾಗುತ್ತದೆಂದು ಲೆಕ್ಕ ಹಾಕಲು ಬುದ್ಧಿ ಬೇಕಾಗಿರಲಿಲ್ಲ. ಆದರೆ ಏಳನೆಯ ಅಧ್ಯಾಯ ಬರೆಯುವಾಗ ಆ ಅಮೆರಿಕದವನ ಮೇಲೆ ನಾನು ಎಷ್ಟು ಸಿಟ್ಟಾಗಿದ್ದೆ! ದೂರದ ದೇಶದ ಸತ್ತವನ ಮೇಲೆ ಸಿಟ್ಟಾಗುವುದಕ್ಕೆ ಖರ್ಚಿಲ್ಲ. ಕೊಪ್ಪದ ಸ್ಟ್ಯಾಂಡಿನಲ್ಲಿ ಅವಳು ಬಸ್ಸು ಬದಲಾಯಿಸಲು ಇಳಿದಾಗ, "ನಾಳೆ ಮತ್ತೆ ಹೋಗೋಣಮ್ಮ, ನಾನು ಸಹಿ ಹಾಕ್ತೀನಿ" ಎಂದೆ. ಅವಳು ತಲೆಯಾಡಿಸಿದಳು, ಅಷ್ಟೇ.

ಅರ್ಜಿ ಹಾಕಿದೆವು. ಅದರ ವಿಚಾರಣೆಗೆ ದಿನ ಬರುವ ಮೊದಲೇ ತೋಟದವರು ಮಣ್ಣು ಎಳೆಯುವ ಯಂತ್ರ ತಂದರು. ದಾವೆ ವಜಾ ಆದಾಗಲೇ ತಡೆಯಾಜ್ಞೆಯೂ ಹೋಗಿತ್ತು. ಪೊಲೀಸರು ಬಂದಾಗ ತೋಟದವರು ಆ ವಜಾ ಆದೇಶವನ್ನೇ ತೋರಿಸಿದರಂತೆ. ಬೆಳಗಿನ ತಿಂಡಿಯ ಹೊತ್ತಿಗೆ ಶುರುವಾದದ್ದು ಮಧ್ಯಾಹ್ನಕ್ಕೆ ಮುಗಿಯಿತು. ಹಂಚು, ಪಾತ್ರೆ, ಕೋಳಿಗೂಡು ಹೊರಗೆ ತೆಗೆಯಲು ಬಿಟ್ಟಿದ್ದರು. ನಾನು ಹೋದಾಗ ಅಲ್ಲಿ ಬಾವಿಕಟ್ಟೆಯೊಂದು ಮಾತ್ರ ಇತ್ತು. ಉಳಿದ ಮನೆಯವರಿಗೆ ತೋಟದವರೇ ತಮ್ಮ ಇನ್ನೊಂದು ತೋಟದ ಕೂಲಿ ಲೈನಿನ ಸಾಲುಮನೆಯಲ್ಲಿ ಕೋಣೆ ಕೊಟ್ಟು, ಇನ್ನು ತಕರಾರಿಲ್ಲವೆಂದು ಹೆಬ್ಬೆಟ್ಟು ಹಾಕಿಸಿಕೊಂಡಿದ್ದರು. ಹೆಬ್ಬೆಟ್ಟು ಒತ್ತಿದವರನ್ನು ದೂರಲು ನನಗೆ ಬಾಯಿ ಬರಲಿಲ್ಲ. ಮಕ್ಕಳಿದ್ದವರು, ಸೂರು ಬೇಕಿತ್ತು. ಈ ಹೆಂಗಸು ಹೆಬ್ಬೆಟ್ಟು ಹಾಕದೆ ಬಾಳೆಹೊನ್ನೂರಿನ ಹತ್ತಿರ ತಂಗಿಯ ಮನೆಯ ಜಗಲಿ ಸೇರಿದಳು.

ಅರ್ಜಿಯ ವಿಚಾರಣೆಯಲ್ಲಿ ನಾನು ಕಟಕಟೆ ಹತ್ತಿದೆ. ತೋಟದವರ ವಕೀಲರು ನಗುನಗುತ್ತಲೇ ಬಂದರು.

"ಮೇಡಮ್, ನೀವು ಒಂದು ಪುಸ್ತಕ ಬರೆಯುತ್ತಿದ್ದಿರಿ. ಅದರ ಒಂದು ಅಧ್ಯಾಯ ಬೇಡವೆಂದು ವಾದಿಗಳ ಹಿಂದಿನ ವಕೀಲರು ಹೇಳಿದ್ದರು. ಹೌದೋ ಅಲ್ಲವೋ?"

"ಹೌದು. ಆದರೆ..."

"ಹೌದು. ಅದರಿಂದ ನಿಮಗೆ ಬೇಸರವಾಗಿತ್ತು."

"ಬೇಸರ ಆಗಿತ್ತು, ಅದಕ್ಕೂ ಇದಕ್ಕೂ..."

"ಹೌದೋ ಅಲ್ಲವೋ?"

"ಹೌದು."

"ಕಾಲೇಜಿನ ಕೆಲಸದ ವಿಷಯದಲ್ಲೂ ಅವರ ಮೇಲೆ ನಿಮಗೆ ಸಿಟ್ಟಿದೆ."

ಅಷ್ಟರಲ್ಲಿ ಜೂನ್ ಕಳೆದಿತ್ತು, ಕಾಲೇಜು ನನ್ನನ್ನು ಕರೆದಿರಲಿಲ್ಲ. ನಾನು ಮತ್ತೆ ಹೌದೆಂದೆ. ಕಟಕಟೆಯ ಮರದ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಅಮೆರಿಕದ ವಕೀಲ ಹೀಗೆಯೇ ಜನರನ್ನು ಹಿಂಡುತ್ತಿದ್ದನೆಂದು ಎಷ್ಟು ಸಂತೋಷದಿಂದ ಬರೆದಿದ್ದೆ! ಹಿಂಡಿಸಿಕೊಂಡವರ ಬಾಯಿ ಹೇಗೆ ಒಣಗುತ್ತದೆಂದು ಒಂದು ಸಾಲೂ ಬರೆದಿರಲಿಲ್ಲ.

ಆದರೂ ನ್ಯಾಯಾಧೀಶರು ಕೊನೆಯಲ್ಲಿ ತಾವೇ ಒಂದು ಪ್ರಶ್ನೆ ಕೇಳಿದರು. ಆ ಶನಿವಾರ 'ಬರೋದು ಬೇಡ' ಎಂಬ ಮಾತು ನನ್ನ ಕಿವಿಗೆ ಬಿದ್ದದ್ದು ನಿಜವೇ, ಯಾವ ಪದಗಳಲ್ಲಿ? ನಾನು ಕೇಳಿದ್ದನ್ನು ಕೇಳಿದಂತೆಯೇ ಹೇಳಿದೆ. ಅರ್ಜಿ ಮಂಜೂರಾಯಿತು. ದಾವೆ ಮತ್ತೆ ಕಡತಕ್ಕೆ ಬಂತು.

ಚುನಾವಣೆ ಅಷ್ಟರೊಳಗೆ ಮುಗಿದಿತ್ತು. ವಕೀಲರು ಗೆದ್ದರು. ಪುಸ್ತಕದ ಬಿಡುಗಡೆ ಕೊಪ್ಪದಲ್ಲಿ ಚುನಾವಣೆಗೆ ಮೊದಲೇ ಆಗಿತ್ತು. ನನ್ನನ್ನು ಕರೆದಿರಲಿಲ್ಲ. ಡಿಟಿಪಿ ಅಂಗಡಿಯವರು ಒಂದು ಪ್ರತಿ ಕೊಟ್ಟರು. ಆರನೆಯ ಅಧ್ಯಾಯ ಮುಗಿದಲ್ಲಿ ಹೊಸದೊಂದು ವಾಕ್ಯ ಸೇರಿತ್ತು. "ಶಾಸನಸಭೆಯಲ್ಲಿ ಆತ ಬಡವರ ಪರವಾಗಿ ಅನೇಕ ಮಹತ್ತರ ಕಾರ್ಯಗಳನ್ನು ಕೈಗೊಂಡನು." ಅದರ ಮುಂದೆ ನಾನು ಬರೆದ ಎಂಟನೆಯ ಅಧ್ಯಾಯಕ್ಕೆ ಏಳು ಎಂಬ ಅಂಕಿ. ನನ್ನ ಹೆಸರನ್ನು ತೆಗೆದಿರಲಿಲ್ಲ. ತೆಗೆದಿದ್ದರೆ ಎಷ್ಟೋ ಉಪಕಾರವಾಗುತ್ತಿತ್ತು. ಆ ವರ್ಷ ತಾಲ್ಲೂಕಿನ ಶಾಲೆಗಳಲ್ಲಿ ಭಾಷಣ ಸ್ಪರ್ಧೆಗೆ ಅದನ್ನೇ ಬಹುಮಾನ ಕೊಟ್ಟರು. ಹಕ್ಕುಪತ್ರಗಳ ಮಾತನ್ನು ವಕೀಲರು ಆಮೇಲೆ ಎತ್ತಿದ್ದು ನನಗೆ ತಿಳಿದಿಲ್ಲ.

ಮಳೆಗಾಲ ಕಳೆದು ಆ ಹೆಂಗಸಿನ ದಿನ ಬಂತು. ಕಟಕಟೆಯಲ್ಲಿ ಅವಳು ಹೆದರುತ್ತಾಳೆಂದು ನಾನು ಅಂದುಕೊಂಡಿದ್ದೆ. ಶೃಂಗೇರಿಯ ವಕೀಲರು ಕೇಳಿದ್ದಕ್ಕೆಲ್ಲ ಅವಳು ನಿಧಾನವಾಗಿ ಹೇಳಿದಳು. ಹಳೆಯ ಯಜಮಾನರು ಎಲ್ಲಿ ನಿಂತಿದ್ದರು, ಅತ್ತೆ ಏನು ಕೇಳಿದಳು, ಅವರು ಏನೆಂದರು, ಮೊದಲ ಗೋಡೆಗೆ ಮಣ್ಣು ಎಲ್ಲಿಂದ ತಂದರು. ತೋಟದವರ ವಕೀಲರು ಬಹಳ ಹೊತ್ತು ತಿರುಗಿಸಿ ತಿರುಗಿಸಿ ಕೇಳಿದರು.

"ಯಜಮಾನರು ಹಾಗೆ ಹೇಳೇ ಇಲ್ಲ, ನೀನು ಯಾರೋ ಹೇಳಿಕೊಟ್ಟದ್ದನ್ನ ಹೇಳ್ತಿದ್ದೀಯ."

"ಅವರಿದ್ದಿದ್ರೆ ಅವರನ್ನೇ ಕೇಳಬೌದಿತ್ತು ಒಡೇರೆ. ಅವರು ಹೇಳಿದ್ದು ಹೌದು."

"ಈಗ ನೀನು ಎಲ್ಲಿದ್ದೀಯ?"

"ತಂಗಿ ಮನೇಲಿ."

"ಅಂದ್ರೆ ಆ ಜಾಗದಲ್ಲಿ ಇಲ್ಲ."

"ಇಲ್ಲ."

ಅವರು ಅಷ್ಟಕ್ಕೇ ನಿಲ್ಲಿಸಿ ಕೂತರು. ಶೃಂಗೇರಿಯ ವಕೀಲರು ಕಣ್ಣು ಮುಚ್ಚಿಕೊಂಡರು. ದಾವೆ ಹಾಕಿದ್ದು ಇದ್ದ ಮನೆಯಿಂದ ಎಬ್ಬಿಸಬಾರದೆಂದು; ಈಗ ಅಲ್ಲಿ ಇಲ್ಲದವರನ್ನು ಎಬ್ಬಿಸುವ ಮಾತೇ ಇಲ್ಲ. ಹೋದ ಜಾಗವನ್ನು ವಾಪಸು ಕೊಡಿಸಿ ಎಂದು ಅದನ್ನು ತಿದ್ದಲು ಉಳಿದ ವಾದಿಗಳ ಸಹಿ ಬೇಕಿತ್ತು, ಅವರು ಹಾಕಿರಲಿಲ್ಲ. ಅವಳೊಬ್ಬಳ ಮನೆಗೆ ಬೇರೆಯೇ ದಾವೆ ಹೂಡೋಣ, ಮೊದಲು ಅವಳ ಮಾತು ಕೋರ್ಟಿನಲ್ಲಿ ದಾಖಲಾಗಲಿ ಎಂದು ಶೃಂಗೇರಿಯ ವಕೀಲರು ಹೊರಟಿದ್ದರು.

ತೀರ್ಪಿನ ದಿನ ಅವಳ ಜೊತೆ ನಾನೂ ಹೋದೆ. ದಾವೆ ವಜಾ ಆಯಿತು. ನಕಲು ಕೈಗೆ ಬಂದ ಮೇಲೆ ಕೋರ್ಟಿನ ಹೊರಗೆ, ಟೈಪಿಸ್ಟುಗಳು ಕೂರುವ ಮರದ ಕೆಳಗೆ, ಅದನ್ನು ಅವಳಿಗೆ ಓದಿ ಹೇಳಿದೆ. ಒಂದು ಕಡೆ ನ್ಯಾಯಾಧೀಶರು ಬರೆದಿದ್ದರು: ಮೊದಲನೆಯ ವಾದಿಯ ಸಾಕ್ಷ್ಯ ಸಹಜವಾಗಿದೆ, ಪಾಟೀ ಸವಾಲಿನಲ್ಲಿ ಎಲ್ಲಿಯೂ ಅಲುಗಾಡಿಲ್ಲ, ಆಕೆಯ ಮಾತನ್ನು ನಂಬದಿರಲು ಕಾರಣವಿಲ್ಲ. ಮುಂದಿನ ಸಾಲಿನಲ್ಲಿ, ಆದರೆ ವಾದಿಗಳು ಇಂದು ಸ್ವತ್ತಿನ ಸ್ವಾಧೀನದಲ್ಲಿ ಇಲ್ಲವಾದ್ದರಿಂದ, ಎಂದು ಶುರುವಾಗುತ್ತಿತ್ತು.

"ನನ್ನ ಮಾತು ನಂಬಿದೀನಿ ಅಂತ ಬರ್ದಾರಾ?"

"ಬರೆದಿದ್ದಾರೆ."

"ಇನ್ನೊಂದ್ಸಲ ಓದಿ."

ಓದಿದೆ. ಅವಳು ತಲೆ ತಗ್ಗಿಸಿ ಕೇಳಿದಳು.

"ಹಂಗಾರೆ ಮನೆ?"

"ಮನೆ ಇಲ್ಲಮ್ಮ. ಅದಕ್ಕೆ ಬೇರೆ ದಾವೆ ಹಾಕಬೇಕಂತೆ. ವಕೀಲರು ಹಾಕ್ತೀನಿ ಅಂದಿದ್ದಾರೆ, ದುಡ್ಡೂ ಬೇಡ ಅಂದಿದ್ದಾರೆ."

"ಅದರಲ್ಲೂ ನಾನು ಬಂದು ಇದನ್ನೇ ಹೇಳಬೇಕಾ?"

"ಹೌದು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ನಾನು ತೀರ್ಪಿನ ನಕಲನ್ನು ಮಡಚಿ ಅವಳ ಕಡೆ ಚಾಚಿದೆ. ಅವಳು ಅದನ್ನು ತೆಗೆದುಕೊಳ್ಳಲಿಲ್ಲ.

"ನೀವೇ ಇಟ್ಕೊಳ್ಳಿ ಟೀಚರೇ. ಬಾಳೆಹೊನ್ನೂರು ಬಸ್ಸು ಹೋಯ್ತೇನೋ ನೋಡಿ."